ಸಿವಿಲ್ ಮತ್ತು ಪರಿಸರ ಎಂಜಿನಿಯರಿಂಗ್ ಪದವಿ: ಕೋರ್ಸುಗಳ ಪಟ್ಟಿಯನ್ನು ಕೊನೆಯಿಂದ ಓದುವುದು ಹೇಗೆ?

[ಪರದೆಯ ಮೇಲೆ: ಎಂಟು ಸೆಮಿಸ್ಟರ್‌ಗಳ ಕೋರ್ಸುಗಳ ಪಟ್ಟಿ]

ನಮಸ್ಕಾರ. ಅಮೆರಿಕದ ವಿಶ್ವವಿದ್ಯಾಲಯವೊಂದರ ಸಿವಿಲ್ ಮತ್ತು ಪರಿಸರ ಎಂಜಿನಿಯರಿಂಗ್ ವಿಭಾಗವು ಪದವಿಗಾಗಿ ಏನೇನು ಕೇಳುತ್ತದೆ ಎಂದು ನೋಡಲು ಹೊರಟವರಿಗೆ ಮೊದಲು ಎದುರಾಗುವುದು ನಲವತ್ತರ ಆಸುಪಾಸಿನ ಕೋರ್ಸುಗಳ ಉದ್ದನೆಯ ಪಟ್ಟಿ. ಮುಗಿದದ್ದಕ್ಕೆ ಗುರುತು ಹಾಕುತ್ತಾ ಹೋದರೆ ನಾಲ್ಕು ವರ್ಷಗಳಲ್ಲಿ ಪದವಿ ಕೈಸೇರುತ್ತದೆ ಎಂದು ಅದನ್ನು ನೋಡಿದ ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಅದು ನಿಜವಾಗಿ ಪಟ್ಟಿಯಲ್ಲ, ಸರಪಳಿ. ಅದನ್ನು ಕೊನೆಯ ಸೆಮಿಸ್ಟರಿನಿಂದ ಹಿಂದಕ್ಕೆ ಓದಿದಾಗ ಮಾತ್ರ ಅದರ ಕೊಂಡಿಗಳು ಕಾಣುತ್ತವೆ.

ಮೊದಲು ಲೆಕ್ಕವನ್ನು ಬೇಗ ಮುಗಿಸೋಣ. ಪದವಿಗೆ ಸಾಮಾನ್ಯವಾಗಿ 120ರಿಂದ 130 ಸೆಮಿಸ್ಟರ್ ಕ್ರೆಡಿಟ್‌ಗಳು ಬೇಕು. ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ನೀಡುವ ಎಬೆಟ್ ಸಂಸ್ಥೆಯು ಇವುಗಳಲ್ಲಿ ಕನಿಷ್ಠ 30 ಕ್ರೆಡಿಟ್‌ಗಳು ಗಣಿತ ಮತ್ತು ಮೂಲವಿಜ್ಞಾನದವು, ಕನಿಷ್ಠ 45 ಎಂಜಿನಿಯರಿಂಗ್ ವಿಷಯಗಳವು ಆಗಿರಬೇಕೆಂದು ಹೇಳುತ್ತದೆ. ಎರಡೂ ಸೇರಿದರೆ 75. ಉಳಿದದ್ದನ್ನು ಹೆಚ್ಚುವರಿ ತಾಂತ್ರಿಕ ಕೋರ್ಸುಗಳಿಂದ, ಬರವಣಿಗೆಯಿಂದ, ಮಾನವಿಕ ಮತ್ತು ಸಮಾಜವಿಜ್ಞಾನದ ವಿಷಯಗಳಿಂದ ತುಂಬುವ ಕೆಲಸ ವಿಶ್ವವಿದ್ಯಾಲಯದ್ದು. ಎರಡು ವಿಶ್ವವಿದ್ಯಾಲಯಗಳ ಪಟ್ಟಿಗಳು ಅಷ್ಟೊಂದು ಬೇರೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಈ ಉಳಿದ ಭಾಗ; ಒಳಗಿನ ಬೆನ್ನೆಲುಬು ಹೆಚ್ಚುಕಡಿಮೆ ಒಂದೇ.

[ಪರದೆಯ ಮೇಲೆ: ಬಲದಿಂದ ಎಡಕ್ಕೆ ಬಾಣಗಳು ಮೂಡುತ್ತವೆ]

ಆ ಬೆನ್ನೆಲುಬನ್ನು ಹಿಂದಿನಿಂದ ಹಿಡಿಯೋಣ. ಕೊನೆಯ ವರ್ಷದಲ್ಲಿ ಒಂದು ದೊಡ್ಡ ವಿನ್ಯಾಸ ಯೋಜನೆ ಇರುತ್ತದೆ. ಅದಕ್ಕೆ ಮೊದಲು ಕಾಂಕ್ರೀಟ್ ಅಥವಾ ಉಕ್ಕಿನ ರಚನೆಗಳ ವಿನ್ಯಾಸ ಗೊತ್ತಿರಬೇಕು. ಅದಕ್ಕೆ ರಚನಾ ವಿಶ್ಲೇಷಣೆ ಬೇಕು. ಅದಕ್ಕೆ ವಸ್ತುಗಳು ಭಾರ ಬಿದ್ದಾಗ ಹೇಗೆ ಹಿಗ್ಗುತ್ತವೆ, ಬಾಗುತ್ತವೆ, ಮುರಿಯುತ್ತವೆ ಎಂದು ಕಲಿಸುವ ವಸ್ತುಬಲ ಶಾಸ್ತ್ರ ಬೇಕು. ಅದಕ್ಕೆ ಸ್ಟ್ಯಾಟಿಕ್ಸ್, ಅಂದರೆ ನಿಶ್ಚಲ ವಸ್ತುಗಳ ಮೇಲಿನ ಬಲಗಳ ಲೆಕ್ಕ ಬೇಕು. ಅದಕ್ಕೆ ಕಲನಶಾಸ್ತ್ರ ಮತ್ತು ಅದನ್ನು ಬಳಸುವ ಭೌತಶಾಸ್ತ್ರ ಬೇಕು. ಹೀಗೆ ಒಂದರ ಬೆನ್ನಿಗೆ ಒಂದು ಆರೇಳು ಕೊಂಡಿಗಳಾದವು, ಇರುವುದು ಎಂಟು ಸೆಮಿಸ್ಟರ್. ಮೂರನೆಯ ಸೆಮಿಸ್ಟರಿನಲ್ಲಿ ಸ್ಟ್ಯಾಟಿಕ್ಸ್ ಉತ್ತೀರ್ಣವಾಗದ ವಿದ್ಯಾರ್ಥಿಯು ತಾನು ಒಂದೇ ಕೋರ್ಸಿನಲ್ಲಿ ಹಿಂದೆ ಬಿದ್ದೆನೆಂದು ತಿಳಿಯುತ್ತಾನೆ, ಆದರೆ ಮುಂದಿನ ಕೊಂಡಿಯು ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕೋರ್ಸಾಗಿದ್ದರೆ ಅವನು ಕಳೆದುಕೊಂಡಿರುವುದು ಒಂದು ವರ್ಷವನ್ನು. ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಗಮನ ಬೇಡುವ ಕೋರ್ಸು ಯಾವುದು ಎಂದು ಕೇಳಿದರೆ ನನ್ನ ಉತ್ತರ ಸ್ಟ್ಯಾಟಿಕ್ಸ್. ಹೆಸರಿನಲ್ಲಿ ಆಕರ್ಷಣೆಯಿಲ್ಲದ, ಮೂರು ಕ್ರೆಡಿಟ್‌ಗಳ ವಿಷಯವೊಂದಕ್ಕೆ ಇಷ್ಟು ಮಹತ್ವವೇಕೆ ಎನ್ನುವುದಕ್ಕೆ ಒಂದು ದುರಂತವನ್ನು ನೋಡಬಹುದು.

[ಪರದೆಯ ಮೇಲೆ: ಒಂದರ ಕೆಳಗೆ ಒಂದು ತೂಗುಬಿದ್ದ ಎರಡು ನಡೆದಾರಿಗಳ ರೇಖಾಚಿತ್ರ]

1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಒಳಾಂಗಣದಲ್ಲಿ ತೂಗುಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಉಕ್ಕಿನ ಸರಳುಗಳು ಮೇಲಿನ ನಡೆದಾರಿಯನ್ನು ಹಾದು ಕೆಳಗಿನದರವರೆಗೂ ಅಖಂಡವಾಗಿ ಸಾಗುತ್ತಿದ್ದವು. ಎರಡೂ ನಡೆದಾರಿಗಳು ಅದೇ ಸರಳಿಗೆ ತಮ್ಮ ತಮ್ಮ ನಟ್ಟುಗಳ ಮೇಲೆ ಕುಳಿತಿರುತ್ತಿದ್ದವು. ಜೋಡಣೆ ಸುಲಭವಾಗಲೆಂದು ಒಂದು ಉದ್ದನೆಯ ಸರಳಿನ ಬದಲು ಎರಡು ಗಿಡ್ಡ ಸರಳುಗಳನ್ನು ಬಳಸಲಾಯಿತು: ಮೇಲಿನ ನಡೆದಾರಿ ಚಾವಣಿಯಿಂದ ತೂಗಿತು, ಕೆಳಗಿನದು ಮೇಲಿನದರ ತೊಲೆಯಿಂದ ತೂಗಿತು. ಕಣ್ಣಿಗೆ ಎರಡೂ ಒಂದೇ. ಆದರೆ ಮೇಲಿನ ತೊಲೆಯನ್ನು ಪ್ರತ್ಯೇಕವಾಗಿ ಬರೆದು ಅದರ ಮೇಲಿನ ಬಲಗಳನ್ನು ಬಾಣಗಳಿಂದ ಗುರುತಿಸಿದರೆ, ಅದರಡಿಯ ನಟ್ಟಿನ ಮೇಲೆ ಈಗ ಒಂದರ ಬದಲು ಎರಡು ನಡೆದಾರಿಗಳ ಭಾರ ಬಿದ್ದಿರುವುದು ಎರಡೇ ನಿಮಿಷದಲ್ಲಿ ಕಾಣುತ್ತದೆ. ಆ ಚಿತ್ರವನ್ನು ಬರೆಯುವುದನ್ನು ಸ್ಟ್ಯಾಟಿಕ್ಸ್‌ನ ಮೊದಲ ತಿಂಗಳಲ್ಲೇ ಕಲಿಸುತ್ತಾರೆ. ಈ ಪ್ರಕರಣದಲ್ಲಿ ಹೊಣೆಗಾರ ಎಂಜಿನಿಯರುಗಳು ಮಿಸೌರಿ ರಾಜ್ಯದ ಪರವಾನಗಿಯನ್ನು ಕಳೆದುಕೊಂಡರು. ಪಟ್ಟಿಯ ಇನ್ನೊಂದು ಮೂಲೆಯಲ್ಲಿರುವ ವೃತ್ತಿನೀತಿಯ ಪಾಠದಲ್ಲೂ ಇದೇ ಘಟನೆ ಮತ್ತೆ ಮತ್ತೆ ಬರುತ್ತದೆ.

ಇನ್ನು ಹೆಸರಿನ ಎರಡನೆಯ ಅರ್ಧಕ್ಕೆ, ಪರಿಸರ ಎಂಜಿನಿಯರಿಂಗಿಗೆ ಬರೋಣ. ಸೇತುವೆ ಕಟ್ಟಲು ಬಂದವನಿಗೆ ರಸಾಯನಶಾಸ್ತ್ರವೇಕೆ ಎಂಬ ಗೊಣಗಾಟ ಮೊದಲ ವರ್ಷದಲ್ಲಿ ತಪ್ಪಿದ್ದಲ್ಲ. ಸಿಮೆಂಟು ಗಟ್ಟಿಯಾಗುವುದೂ ಕಬ್ಬಿಣ ತುಕ್ಕು ಹಿಡಿಯುವುದೂ ರಾಸಾಯನಿಕ ಕ್ರಿಯೆಗಳೇ ಎಂಬುದು ಒಂದು ಉತ್ತರ. ಪರಿಸರದ ಕವಲನ್ನು ಹಿಡಿದವರಿಗಂತೂ ಅದರ ಜೊತೆಗೆ ಜೀವಶಾಸ್ತ್ರವೂ ಭೂವಿಜ್ಞಾನವೂ ಕಡ್ಡಾಯ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರು ಕೊಳಚೆ ನೀರಿಗೆ ಗಾಳಿಯೂಡಿ, ತಳದಲ್ಲಿ ನಿಂತ ಕೆಸರನ್ನು ಎಸೆಯದೆ ಮತ್ತೆ ಬಳಸಿದಾಗ, ಅದರಲ್ಲಿದ್ದ ಸೂಕ್ಷ್ಮಜೀವಿಗಳು ಹೊಲಸನ್ನು ಬಹುಬೇಗ ತಿಂದು ಮುಗಿಸುವುದನ್ನು ತೋರಿಸಿಕೊಟ್ಟರು. ಕ್ರಿಯಾಶೀಲ ಕೆಸರಿನ ಆ ವಿಧಾನವೇ ಇಂದಿಗೂ ಜಗತ್ತಿನ ಅಸಂಖ್ಯ ಶುದ್ಧೀಕರಣ ಘಟಕಗಳ ಆಧಾರ. ಅಲ್ಲಿ ತೊಟ್ಟಿಯ ಗೋಡೆಯನ್ನು ಕಟ್ಟುವುದು ಸಿವಿಲ್ ಎಂಜಿನಿಯರಾದರೂ ಕೆಲಸ ಮಾಡುವುದು ಬ್ಯಾಕ್ಟೀರಿಯಾ.

ಸ್ಟ್ಯಾಟಿಕ್ಸ್‌ಗೆ ಬಲಗಳ ಚಿತ್ರ ಹೇಗೋ ಪರಿಸರದ ಕೋರ್ಸುಗಳಿಗೆ ರಾಶಿ ಸಮತೋಲನ ಹಾಗೆ. ಸೆಕೆಂಡಿಗೆ 9 ಘನ ಮೀಟರ್ ಹರಿಯುವ ನದಿಯ ಪ್ರತಿ ಲೀಟರಿನಲ್ಲಿ 2 ಮಿಲಿಗ್ರಾಂ ಕ್ಲೋರೈಡ್ ಇದೆ. ಅದಕ್ಕೆ ಸೆಕೆಂಡಿಗೆ 1 ಘನ ಮೀಟರಿನಂತೆ, ಲೀಟರಿಗೆ 52 ಮಿಲಿಗ್ರಾಂ ಕ್ಲೋರೈಡ್ ಇರುವ ತ್ಯಾಜ್ಯನೀರು ಸೇರುತ್ತದೆ ಎಂದಿಟ್ಟುಕೊಳ್ಳಿ. 9ನ್ನು 2ರಿಂದ, 1ನ್ನು 52ರಿಂದ ಗುಣಿಸಿ, ಕೂಡಿ, ಒಟ್ಟು ಹರಿವಾದ 10ರಿಂದ ಭಾಗಿಸಿದರೆ ಬೆರೆತ ನೀರಿನಲ್ಲಿ ಲೀಟರಿಗೆ 7 ಮಿಲಿಗ್ರಾಂ ಬರುತ್ತದೆ. ಒಳಬಂದದ್ದು, ಹೊರಹೋದದ್ದು, ಉಳಿದದ್ದು ಎಂಬ ಈ ಸರಳ ಲೆಕ್ಕವೇ ಮುಂದೆ ಸರೋವರಕ್ಕೂ ಗಾಳಿಗೂ ಅಂತರ್ಜಲಕ್ಕೂ ವಿಸ್ತರಿಸುತ್ತದೆ. ಕಾಲಕ್ಕೆ ತಕ್ಕಂತೆ ಸಾಂದ್ರತೆ ಬದಲಾಗತೊಡಗಿದ ಕೂಡಲೇ ಅದು ಅವಕಲ ಸಮೀಕರಣ, ಅಂದರೆ ಬದಲಾವಣೆಯ ದರವನ್ನು ಒಳಗೊಂಡ ಸಮೀಕರಣವಾಗುತ್ತದೆ. ಗಣಿತದ ಕೋರ್ಸುಗಳು ಕಲನಶಾಸ್ತ್ರಕ್ಕೆ ನಿಲ್ಲದೆ ಅಲ್ಲಿಯವರೆಗೆ ಹೋಗಬೇಕೆಂಬ ನಿಯಮದ ಹಿಂದೆ ಇಂಥ ಅಗತ್ಯಗಳಿವೆ.

ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರವನ್ನು ವಿದ್ಯಾರ್ಥಿಗಳು ಹಗುರವಾಗಿ ಕಾಣುವುದುಂಟು. ‘ನೂರು ವರ್ಷದ ಪ್ರವಾಹ’ ಎಂದರೆ ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹವಲ್ಲ. ಪ್ರತಿ ವರ್ಷವೂ ಬರುವ ಸಾಧ್ಯತೆ ಶೇ. 1 ಇರುವ ಪ್ರವಾಹ. 30 ವರ್ಷಗಳ ಅವಧಿಯಲ್ಲಿ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. ಈ ಲೆಕ್ಕ ಬಾರದವನ ಕೈಗೆ ಮೋರಿಯ ವಿನ್ಯಾಸವನ್ನೂ ಕೊಡಬಾರದು.

ಮೂರನೆಯ ವರ್ಷದಿಂದ ಕವಲುಗಳು ತೆರೆಯುತ್ತವೆ: ರಚನೆಗಳು, ಮಣ್ಣು ಮತ್ತು ಅಡಿಪಾಯ, ಸಾರಿಗೆ, ಜಲಸಂಪನ್ಮೂಲ, ನಿರ್ಮಾಣ ನಿರ್ವಹಣೆ. ಸಿವಿಲ್ ಪದವಿಯ ವಿದ್ಯಾರ್ಥಿಯು ಇಂಥ ಕನಿಷ್ಠ ನಾಲ್ಕು ಕ್ಷೇತ್ರಗಳ ಸಮಸ್ಯೆಗಳನ್ನು ಬಿಡಿಸಲು ಕಲಿಯಬೇಕೆಂಬ ನಿಯಮವಿರುವುದರಿಂದ ಒಂದೇ ಕವಲಿನಲ್ಲಿ ಪೂರ್ತಿ ಮುಳುಗುವ ಅವಕಾಶವಿಲ್ಲ. ಇದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಸೇತುವೆಯ ಕಂಬ ನಿಂತಿರುವುದು ಮಣ್ಣಿನಲ್ಲಿ, ಆ ಮಣ್ಣನ್ನು ಕೊರೆಯುವುದು ನೀರು. ಕೊನೆಯ ವರ್ಷದ ವಿನ್ಯಾಸ ಯೋಜನೆಯಲ್ಲಿ ಈ ಕ್ಷೇತ್ರಗಳು ಮತ್ತೆ ಒಂದೇ ಮೇಜಿಗೆ ಬರುತ್ತವೆ, ಮತ್ತು ಅಲ್ಲಿ ನೈಜ ಮಾನದಂಡಗಳನ್ನೂ ಪರಸ್ಪರ ಎಳೆದಾಡುವ ನಿರ್ಬಂಧಗಳನ್ನೂ ಪಾಲಿಸಿಯೇ ವಿನ್ಯಾಸ ಮಾಡಬೇಕಾಗುತ್ತದೆ.

[ಪರದೆಯ ಮೇಲೆ: ಎರಡು ಪದವಿ ಪತ್ರಗಳು, ಒಂದೇ ವಿಭಾಗದ ಹೆಸರು]

ಪ್ರವೇಶ ಪಡೆಯುವ ಮೊದಲೇ ನೋಡಬೇಕಾದ ವಿವರವೊಂದಿದೆ. ವಿಭಾಗದ ಹೆಸರಿನಲ್ಲಿ ಸಿವಿಲ್ ಮತ್ತು ಪರಿಸರ ಎರಡೂ ಇದ್ದರೂ ಪದವಿಗಳು ಪ್ರತ್ಯೇಕವಾಗಿರಬಹುದು, ಮತ್ತು ಎಬೆಟ್ ಮಾನ್ಯತೆ ಸಿಗುವುದು ವಿಭಾಗಕ್ಕಲ್ಲ, ನಿರ್ದಿಷ್ಟ ಪದವಿಗೆ. ಅಮೆರಿಕದಲ್ಲಿ ವೃತ್ತಿಪರ ಎಂಜಿನಿಯರ್ ಪರವಾನಗಿಯ ಸಾಮಾನ್ಯ ದಾರಿಯೆಂದರೆ ಮಾನ್ಯತೆ ಪಡೆದ ಪದವಿ, 110 ಪ್ರಶ್ನೆಗಳ ಮೂಲಭೂತ ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷಗಳ ಅನುಭವ ಮತ್ತು ಅನಂತರ ಎರಡನೆಯ ಪರೀಕ್ಷೆ. ಎರಡೂ ಹಂತಗಳಲ್ಲಿ ಸಿವಿಲ್‌ಗೆ ಬೇರೆ, ಪರಿಸರಕ್ಕೆ ಬೇರೆ ಪ್ರಶ್ನೆಪತ್ರಿಕೆಗಳಿವೆ. ಯಾವ ವಿಶ್ವವಿದ್ಯಾಲಯದ ಯಾವ ಪದವಿಗೆ ಮಾನ್ಯತೆ ಇದೆ ಎಂಬುದನ್ನು ಎಬೆಟ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು; ಹುಡುಕುವಾಗ ವಿಭಾಗದ ಹೆಸರನ್ನು ಬಿಟ್ಟು, ಪದವಿ ಪತ್ರದ ಮೇಲೆ ಅಚ್ಚಾಗುವ ಹೆಸರನ್ನೇ ನೋಡಿ.