‘ಕಾರಣ: ಬಡತನ’ ಎಂದು ಬರೆಯುವ ಮುನ್ನ

(ಮಡಿಕೇರಿಯಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಮೇಲ್ವಿಚಾರಕಿಯರು ಮತ್ತು ಪಂಚಾಯಿತಿ ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಗಳೊಬ್ಬಳ ಬಗ್ಗೆ ವರದಿ ಬರೆಯುವಾಗ ‘ಈ ವೃತ್ತಿಗೆ ಬರಲು ಕಾರಣ’ ಎಂದು ಒಂದು ಸಾಲು ಬಿಟ್ಟಿರುತ್ತೇವೆ. ಅಲ್ಲಿ ಬೀಳುವುದು ಸಾಮಾನ್ಯವಾಗಿ ಎರಡೇ ಉತ್ತರ: ಬಡತನ, ಇಲ್ಲವೇ ಮೋಸ. ಬರೆಯುವವರಿಗೆ ಸಲೀಸು. ಆದರೆ ಸಿದ್ದಾಪುರ, ಪಾಲಿಬೆಟ್ಟ ಕಡೆಯ ಒಂದು ತೋಟದ ಲೈನ್ ಮನೆಗಳಲ್ಲಿ ಐವತ್ತು ಸಂಸಾರ ಇದ್ದರೆ ಐವತ್ತೂ ಬಡ ಸಂಸಾರಗಳೇ. ಅವರಲ್ಲಿ ಯಾರೂ ಈ ಕಡೆ ಬಂದಿರಲಿಕ್ಕಿಲ್ಲ, ಬಂದಿದ್ದರೆ ಒಬ್ಬಿಬ್ಬರು. ಉಳಿದವರು ಏಕೆ ಬರಲಿಲ್ಲ ಎಂಬುದಕ್ಕೆ ‘ಬಡತನ’ದಲ್ಲಿ ಉತ್ತರವಿಲ್ಲ. ಹಾಗಾಗಿ ಆ ಬಡತನದ ಮೇಲೆ ಇನ್ನೇನು ಬಂದು ಬಿತ್ತು, ದಾರಿ ತೋರಿಸಿದವರು ಯಾರು, ಬಂದ ಮೇಲೆ ಉಳಿದದ್ದು ಏಕೆ ಎಂದು ಬೇರೆ ಬೇರೆಯಾಗಿ ಕೇಳಬೇಕು. ನಾವು ಕೊಡುವ ನೆರವು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದು ನಿಂತಿರುವುದು ಇದರ ಮೇಲೆ.

ಮೊದಲು ಸಾಲದ ವಿಷಯ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಐವತ್ತು ಸಾವಿರದ ಸಂಘದ ಸಾಲ, ವಾರದ ಕಂತು 1,200. ಅದನ್ನು ತೀರಿಸಲು ಇನ್ನೊಂದು ಕಡೆ ಅಷ್ಟೇ ಸಾಲ. ವಾರಕ್ಕೆ 2,400 ಆಯಿತು. ಕಾಫಿ ಕೊಯ್ಲಿನ ಕಾಲದಲ್ಲಿ ಕೆ.ಜಿ. ಲೆಕ್ಕದಲ್ಲಿ ಕೊಯ್ದು, ಗಂಡ ಹೆಂಡತಿ ಇಬ್ಬರೂ ದುಡಿದರೆ ಕಟ್ಟಬಹುದು. ಜೂನ್‌, ಜುಲೈ ಮಳೆಯಲ್ಲಿ ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಶಾಲೆಯ ಪುಸ್ತಕ, ಸಮವಸ್ತ್ರದ ಖರ್ಚು ಬರುವುದೂ ಆಗಲೇ. ಕಂತಿಗೆ ಮಾತ್ರ ಮಳೆಗಾಲ ಅಂತ ಇಲ್ಲ. ಗಂಡ ಕುಡಿದು ಮಲಗಿದ್ದರೆ, ಬಿಟ್ಟು ಹೋಗಿದ್ದರೆ ಅಷ್ಟೂ ಒಬ್ಬಳ ತಲೆಗೆ. ಇಂಥ ಕಡೆ ‘ಕಾರಣ’ ಎನ್ನುವುದು ಒಂದು ವಾರದ ಕಂತು, ಒಂದು ಆಸ್ಪತ್ರೆ ಬಿಲ್ಲು, ಇಲ್ಲವೇ ಎತ್ತಿದ ಚೀಟಿಯ ಬಾಕಿ. ಅವಳಿಗೆ ಬೇಕಾದದ್ದು ಬುದ್ಧಿಮಾತಲ್ಲ, ಆ ಸಾಲಕ್ಕೊಂದು ದಾರಿ. ಕಿರು ಸಾಲ ವಸೂಲಿಯ ಬಲವಂತವನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಮನೆ ಬಾಗಿಲಲ್ಲಿ ಕೂತು ಬೆದರಿಸುವವರ ಮೇಲೆ ದೂರು ಕೊಡಬಹುದು ಎಂಬುದನ್ನಾದರೂ ನಾವು ಅವಳಿಗೆ ಹೇಳಬೇಕು.

ದಾರಿ ತೋರಿಸಿದವರು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಸಿನಿಮಾದ ದಲ್ಲಾಳಿ. ವಾಸ್ತವದಲ್ಲಿ ಅದು ಬಹಳ ಸಲ ಪರಿಚಯದ ಹೆಂಗಸೇ: ಜೊತೆಗೆ ಕೆಲಸ ಮಾಡಿದವಳು, ಪಕ್ಕದ ಮನೆಯವಳು, ದೂರದ ನೆಂಟಳು. ಅವಳ ಕಷ್ಟ ಏನೆಂದು ಆಕೆಗೆ ಗೊತ್ತು. ಮೊದಲು ಕೈಸಾಲ ಕೊಡುತ್ತಾಳೆ, ಆಮೇಲೆ ಒಂದು ಫೋನ್ ನಂಬರು. ಈಗ ಲಾಡ್ಜಿನ ಮುಂದೆ ನಿಲ್ಲುವುದಕ್ಕಿಂತ ಫೋನಿನಲ್ಲೇ ನಡೆಯುವುದು ಹೆಚ್ಚುತ್ತಿರುವುದರಿಂದ ಮನೆಯಲ್ಲಿದ್ದುಕೊಂಡೇ, ತಿಂಗಳಿಗೆ ನಾಲ್ಕಾರು ದಿನ ಮಾತ್ರ ಮಾಡುವವರೂ ಇದ್ದಾರೆ. ಅವರು ತಮ್ಮನ್ನು ಈ ವೃತ್ತಿಯವರೆಂದು ಎಣಿಸಿಕೊಳ್ಳುವುದೇ ಇಲ್ಲ. ನಮ್ಮ ಯಾವ ಪಟ್ಟಿಯಲ್ಲೂ ಅವರು ಸಿಗುವುದಿಲ್ಲ.

ಬೇರೆ ಕೆಲಸ ಮಾಡಿ ನೋಡಿದ ಮೇಲೆ ಬಂದವರ ವಿಷಯವನ್ನು ನಾವು ಬೇಗ ದಾಟಿಬಿಡುತ್ತೇವೆ; ನನಗೆ ಅದು ಸರಿ ಕಾಣುವುದಿಲ್ಲ. ರೋಹಿಣಿ ಸಾಹ್ನಿ ಮತ್ತು ವಿ. ಕಲ್ಯಾಣ್ ಶಂಕರ್ ಅವರು ಹಲವು ರಾಜ್ಯಗಳ ಸುಮಾರು 3,000 ಮಹಿಳೆಯರನ್ನು ಮಾತಾಡಿಸಿ ನಡೆಸಿದ ಸಮೀಕ್ಷೆಯಲ್ಲಿ ಇದಕ್ಕೆ ಮೊದಲು ಮನೆಗೆಲಸ, ಕಟ್ಟಡ ಕೆಲಸ, ಕೃಷಿ ಕೂಲಿ ಮಾಡಿದವರು ದೊಡ್ಡ ಸಂಖ್ಯೆಯಲ್ಲಿದ್ದರು. ಆ ಕೆಲಸಗಳಲ್ಲಿ ಕೂಲಿ ಕಡಿಮೆ ಎಂಬುದು ಒಂದು. ಅಲ್ಲಿಯೂ ಮೇಸ್ತ್ರಿಯೋ ಗುತ್ತಿಗೆದಾರನೋ ಮನೆ ಯಜಮಾನನೋ ಮೈಮೇಲೆ ಕೈ ಹಾಕುತ್ತಿದ್ದ ಎಂಬುದು ಇನ್ನೊಂದು. ಹಾಗಿದ್ದ ಮೇಲೆ ದುಡ್ಡು ತೆಗೆದುಕೊಂಡೇ ಹೋಗುತ್ತೇನೆ ಎಂದು ಹೆಣ್ಣೊಬ್ಬಳು ಲೆಕ್ಕ ಹಾಕಿದರೆ ಅದನ್ನು ಮೋಸ ಹೋದದ್ದು ಎಂದು ಬರೆಯಲಾಗದು. ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿರಬಹುದು ಎಂಬ ಕಾರಣಕ್ಕೆ ಇದನ್ನು ಆರಿಸಿಕೊಂಡವರಿದ್ದಾರೆ. ಹಸಿವಿನಿಂದಲ್ಲ, ಹೆಚ್ಚು ಸಂಪಾದನೆ ಬೇಕೆಂದು ಬಂದವರೂ ಇದ್ದಾರೆ. ಕೇಳುವವರಿಗೆ ಇಷ್ಟವಾಗಲಿಕ್ಕಿಲ್ಲ, ಆದರೆ ಅದೂ ಒಂದು ಕಾರಣವೇ.

ದೇವದಾಸಿ ಪದ್ಧತಿಯ ಮಾತು ಇಲ್ಲಿ ಪದೇ ಪದೇ ಬರುತ್ತದೆ. ಅದು ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ ಸೀಮೆಯದು; ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣುಮಗಳನ್ನು ದೇವರ ಹೆಸರಿಗೆ ಬಿಡುವುದನ್ನು, ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನೇ ಮಗನ ಜಾಗದಲ್ಲಿಟ್ಟು, ತಂದೆತಾಯಿಯನ್ನು ಸಾಕುವ ಹೊಣೆ ಹೊರಿಸುವ ಲೆಕ್ಕ ಅದರಲ್ಲಿತ್ತು. ಆದರೆ ಉತ್ತರ ಕರ್ನಾಟಕದಿಂದ ಕೊಯ್ಲಿಗೆ ಬಂದ ಹೆಂಗಸರನ್ನೆಲ್ಲ ಆ ಕಣ್ಣಿನಿಂದ ನೋಡುವುದು ತಪ್ಪು, ಹೊಲಸು ಕೂಡ.

ಲಿಂಗತ್ವ ಅಲ್ಪಸಂಖ್ಯಾತರ ದಾರಿಯೇ ಬೇರೆ. ಹದಿನಾಲ್ಕು ಹದಿನೈದರಲ್ಲಿ ಮನೆಯಿಂದ ಹೊರಗೆ, ಶಾಲೆ ಅರ್ಧಕ್ಕೆ, ಬಾಡಿಗೆ ಮನೆ ಇಲ್ಲ, ಹೋಟೆಲಿನ ತಟ್ಟೆ ತೊಳೆಯಲೂ ಕರೆಯುವವರಿಲ್ಲ. ಉಳಿಯುವುದು ಭಿಕ್ಷೆ ಮತ್ತು ದಂಧೆ. ಶಸ್ತ್ರಚಿಕಿತ್ಸೆಗೆ ಹಣ ಕೂಡಿಸಲೆಂದೇ ಬಂದವರು ಹಲವರು. ಸುಪ್ರೀಂ ಕೋರ್ಟ್ ಅವರ ಗುರುತನ್ನು ಮಾನ್ಯ ಮಾಡಿದ್ದು 2014ರಲ್ಲಿ, ರಾಜ್ಯದ ಹುದ್ದೆಗಳಲ್ಲಿ ಶೇ 1ರ ಮೀಸಲಾತಿ ಬಂದದ್ದು 2021ರಲ್ಲಿ. ಶಾಲೆ ಬಿಟ್ಟವರಿಗೆ ಆ ಮೀಸಲಾತಿ ತಲುಪುವುದು ಹೇಗೆ? ಗಂಡಸರೂ ಈ ವೃತ್ತಿಯಲ್ಲಿದ್ದಾರೆ. ಅವರಿಗೆ ಕಾರಣ ಕೇಳುವವರೇ ಇಲ್ಲ.

ಮಾನವ ಸಾಗಣೆಗೆ ಬರೋಣ. ಇಲ್ಲಿ ‘ಮೋಸ’ ಎಂಬುದು ನಿಜ, ಅದಕ್ಕೆ ಒಂದು ಕ್ರಮವೂ ಇದೆ. ಊರಿನಲ್ಲಿ ಮನೆಯವರ ಕೈಗೆ ಮುಂಗಡ. ತೋಟದ ಕೆಲಸ, ಹೋಮ್‌ಸ್ಟೇ ಕೆಲಸ, ಮನೆಗೆಲಸ ಎಂಬ ಮಾತು. ಬಂದ ಮೇಲೆ ಆಧಾರ್ ಕಾರ್ಡ್ ಮತ್ತು ಫೋನು ‘ಜೋಪಾನಕ್ಕೆ’ ಬೇರೆಯವರ ಬಳಿ. ಪ್ರಯಾಣ, ಊಟ, ಬಟ್ಟೆ ಎಲ್ಲವೂ ಸಾಲದ ಪುಸ್ತಕಕ್ಕೆ, ಆ ಪುಸ್ತಕ ಅವಳ ಕೈಗೆ ಸಿಗುವುದಿಲ್ಲ. ಅಸ್ಸಾಂ, ಜಾರ್ಖಂಡ್ ಕಡೆಯವಳಾದರೆ ಭಾಷೆಯೂ ಇಲ್ಲ. ಕರೆತಂದವನನ್ನೇ ದುಭಾಷಿ ಮಾಡಿಕೊಂಡು ಅವಳನ್ನು ವಿಚಾರಿಸುವುದು ನಾವು ಮಾಡುವ ಅತಿ ದೊಡ್ಡ ತಪ್ಪು. ‘ಎಲ್ಲ ಸರಿ ಇದೆ ಅಂತಾಳೆ ಸಾರ್’ ಎಂದು ಅವನೇ ಹೇಳುತ್ತಾನೆ, ನಾವು ಬರೆದುಕೊಂಡು ಬರುತ್ತೇವೆ. ಹದಿನೆಂಟರ ಒಳಗಿನವಳಾದರೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ಪ್ರಕರಣ. ಮಗು ಕಾಣೆಯಾಗಿದೆ ಎಂದು ಯಾರಾದರೂ ದೂರು ತಂದರೆ ಎಫ್‌ಐಆರ್ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ‘ನಾಲ್ಕು ದಿನ ನೋಡೋಣ’ ಎಂದರೆ ಆ ನಾಲ್ಕು ದಿನದಲ್ಲಿ ಮಗು ರಾಜ್ಯ ದಾಟಿರುತ್ತದೆ.

ವಯಸ್ಕರ ವಿಷಯದಲ್ಲಿ ಕಾನೂನನ್ನು ಸರಿಯಾಗಿ ತಿಳಿಯಬೇಕು. 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಲ್ಲಿ ವೃತ್ತಿಯೇ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು, ಗೊತ್ತಿದ್ದೂ ಅದಕ್ಕೆ ಜಾಗ ಕೊಡುವುದು, ಜನರನ್ನು ಕರೆತರುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿ ಕರೆಯುವುದು ಅಪರಾಧ. ಏಳನೇ ಕಲಮಿನ ಪ್ರಕಾರ ದೇವಸ್ಥಾನ, ಶಾಲೆ, ಆಸ್ಪತ್ರೆಗಳ 200 ಮೀಟರ್ ಒಳಗೆ ನಡೆದರೂ ಅಪರಾಧ. ಮಡಿಕೇರಿಯಂಥ ಗುಡ್ಡದೂರಿನಲ್ಲಿ ಇವುಗಳಲ್ಲಿ ಒಂದರ 200 ಮೀಟರ್ ಒಳಗೆ ಬಾರದ ಜಾಗ ಎಷ್ಟಿದೆ, ನೀವೇ ಯೋಚಿಸಿ. ನಾಲ್ಕನೇ ಕಲಮು ಇನ್ನೂ ವಿಚಿತ್ರ: ಗೊತ್ತಿದ್ದೂ ಅವಳ ಸಂಪಾದನೆಯಲ್ಲಿ ಬದುಕುವ, ಹದಿನೆಂಟು ದಾಟಿದ ಯಾರು ಬೇಕಾದರೂ ಆರೋಪಿಯಾಗಬಹುದು. ಅವಳು ಓದಿಸುತ್ತಿರುವ ಮಗನೂ, ಸಾಕುತ್ತಿರುವ ತಾಯಿಯೂ ಅದರೊಳಗೆ ಬಂದುಬಿಡುತ್ತಾರೆ.

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಂತೆ, ದಾಳಿಯಲ್ಲಿ ಸಿಕ್ಕ ಈ ವೃತ್ತಿಯವರ ಫೋಟೊ ಪ್ರಕಟಿಸುವಂತಿಲ್ಲ, ಕಾಂಡೋಮ್ ಇಟ್ಟುಕೊಂಡದ್ದನ್ನು ಸಾಕ್ಷ್ಯವೆನ್ನುವಂತಿಲ್ಲ. ಈ ಕೊನೆಯದು ಆಶಾ ಅಕ್ಕಂದಿರಿಗೆ ಮುಖ್ಯ. ಕಾಂಡೋಮ್ ಸಿಕ್ಕರೆ ಕೇಸು ಎಂಬ ಹೆದರಿಕೆ ಇದ್ದಲ್ಲಿ ನೀವು ಕೊಟ್ಟ ಪೊಟ್ಟಣ ಚರಂಡಿಗೆ ಬೀಳುತ್ತದೆ.

ಒಬ್ಬಳನ್ನು ‘ರಕ್ಷಿಸಿ’ ಕೇಂದ್ರದಲ್ಲಿಟ್ಟು ಮೂರು ತಿಂಗಳು ಹೊಲಿಗೆ ಕಲಿಸಿದೆವು ಎನ್ನಿ. ಅಷ್ಟರಲ್ಲಿ ಕಂತು ಬಾಕಿ ಬೆಳೆದಿರುತ್ತದೆ, ವಕೀಲರ ಫೀಸು ಸೇರಿರುತ್ತದೆ, ಮಕ್ಕಳನ್ನು ನೋಡಿಕೊಂಡ ನೆಂಟರು ಕೈಚಾಚುತ್ತಾರೆ, ಊರಿಗೆ ಸುದ್ದಿ ಗೊತ್ತಾಗಿ ತೋಟದ ಕೆಲಸವೂ ಹೋಗಿರುತ್ತದೆ. ಅವಳು ಮೊದಲಿಗಿಂತ ದೊಡ್ಡ ಸಾಲದೊಡನೆ, ಮೊದಲಿಗಿಂತ ಕಡಿಮೆ ದರಕ್ಕೆ ಅಲ್ಲಿಗೇ ವಾಪಸು. ಸಾಲಕ್ಕಾಗಿ ಬಂದವಳಿಗೆ ಹೊಲಿಗೆ ಯಂತ್ರ, ಗಂಡನ ಹೊಡೆತ ತಾಳದೆ ಬಂದವಳನ್ನು ಮತ್ತೆ ಗಂಡನ ಮನೆಗೆ ಬಿಡುವುದು: ಇವೆಲ್ಲ ಆ ಒಂದು ಸಾಲಿನ ಕಾರಣದ ಫಲ.

ಹಾಗಾದರೆ ಕೇಳುವುದು ಹೇಗೆ? ಒಬ್ಬಳನ್ನೇ ಕೂರಿಸಿ, ಬಾಗಿಲಲ್ಲಿ ಯಾರೂ ಇಲ್ಲದಂತೆ ನೋಡಿಕೊಂಡು. ‘ಏಕೆ ಬಂದೆ?’ ಎಂದು ಶುರು ಮಾಡಬೇಡಿ. ಅದಕ್ಕೆ ಅವಳು ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತಾಳೆ. ಇದಕ್ಕೆ ಮೊದಲು ಯಾವ ಕೆಲಸ, ಅದು ಬಿಟ್ಟದ್ದೇಕೆ, ಸಾಲ ಯಾರಲ್ಲಿ ಎಷ್ಟು, ಆಧಾರ್ ಕಾರ್ಡ್ ಯಾರ ಬಳಿ, ಬಂದ ಹಣ ಯಾರ ಕೈಗೆ, ಬೇಡವೆಂದ ದಿನ ಬೇಡವೆನ್ನಲು ಆಗುತ್ತದೆಯೇ? ಕೊನೆಯ ಮೂರಕ್ಕೆ ಸಿಗುವ ಉತ್ತರದಲ್ಲಿ ಬಲವಂತ ಇದೆಯೋ ಇಲ್ಲವೋ ಹೊರಬೀಳುತ್ತದೆ. ಬಿಡಲು ಮನಸ್ಸಿದ್ದರೆ, ಸರ್ಕಾರ ‘ದಮನಿತ ಮಹಿಳೆಯರು’ ಎಂದು ಕರೆಯುವ ಇವರಿಗೆಂದೇ ಮಹಿಳಾ ಅಭಿವೃದ್ಧಿ ನಿಗಮದ ಚೇತನ ಯೋಜನೆ ಇದೆ. ಕಾನೂನು ನೆರವಿಗೆ 15100, ಹಿಂಸೆಯಾದರೆ 181.

ಬಿಡಲು ಮನಸ್ಸಿಲ್ಲದವಳಿಗೂ ನಮ್ಮ ಕೆಲಸ ಇದೆ. ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ. ಕಾಂಡೋಮ್ ಹರಿದರೆ ಅಥವಾ ಬಲಾತ್ಕಾರವಾದರೆ 72 ಗಂಟೆಯೊಳಗೆ ಜಿಲ್ಲಾ ಆಸ್ಪತ್ರೆಗೆ. ಬೇಗ ಹೋದಷ್ಟೂ ಒಳ್ಳೆಯದು, ಅಲ್ಲಿ ಕೊಡುವ ಎಚ್‌ಐವಿ ತಡೆಯುವ ಮಾತ್ರೆಯನ್ನು 28 ದಿನ ತಪ್ಪದೆ ನುಂಗಬೇಕು. ಮನೆ ವಿಳಾಸದ ದಾಖಲೆ ಇಲ್ಲವೆಂದು ಆಧಾರ್ ಸಿಗದಿದ್ದರೆ, ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಯೋಜನಾ ನಿರ್ದೇಶಕರು ಸಹಿ ಮಾಡಿದ ಪ್ರಮಾಣಪತ್ರ ಸಾಕು. ಕಾರ್ಡಿನ ಮೇಲೆ ವೃತ್ತಿಯ ಯಾವ ಗುರುತೂ ಬರುವುದಿಲ್ಲ. ಅರ್ಜಿ ತುಂಬುವಾಗ ನೀವೂ ಅದನ್ನು ಎಲ್ಲೂ ಬರೆಯಬೇಡಿ. ಇನ್ನು ಪ್ರಶ್ನೆಗಳಿದ್ದರೆ ಕೇಳಿ.