ಬಾಗಿಲಲ್ಲಿ ಕೇಳುವ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಏಟು ತಿಂದವರೆಲ್ಲ ಪೊಲೀಸ್ ಠಾಣೆಗೆ ಹೋಗುವುದಿಲ್ಲ, ಅಲ್ವಾ? ಅದಕ್ಕೇ ಅಮೆರಿಕದಲ್ಲಿ 1973ರಿಂದ ಒಂದು ಸಮೀಕ್ಷೆ ನಡೆಯುತ್ತಿದೆ. ಠಾಣೆಯ ಕಡತ ನೋಡುವ ಬದಲು ಜನರನ್ನೇ ಕೇಳುತ್ತಾರೆ: ಕಳೆದ ಆರು ತಿಂಗಳಲ್ಲಿ ನಿಮಗೆ ಯಾರಾದರೂ ಹೊಡೆದರೇ, ನಿಮ್ಮದೇನಾದರೂ ಕದ್ದರೇ? ವಯಸ್ಸು, ಆದಾಯ, ಮದುವೆ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆದರೆ ಲೈಂಗಿಕ ಒಲವಿನ ಪ್ರಶ್ನೆ ಅದರಲ್ಲಿ ಸೇರಿದ್ದು 2016ರ ಜುಲೈನಲ್ಲಿ. ಅದೂ 16 ವರ್ಷ ತುಂಬಿದವರಿಗೆ ಮಾತ್ರ.

ಕೇಳಿದ ಮೇಲೆ ಏನು ಕಂಡಿತು? 2017ರಿಂದ 2020ರ ಲೆಕ್ಕದಲ್ಲಿ, ಬೇರೆ ಲಿಂಗದವರ ಕಡೆ ಮಾತ್ರ ಒಲವಿರುವವರಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ 19 ಹಿಂಸೆಯ ಪ್ರಕರಣಗಳು. ತಮ್ಮದೇ ಲಿಂಗದವರ ಕಡೆ ಒಲವಿರುವ ಗೇ, ಲೆಸ್ಬಿಯನ್ ಜನರಲ್ಲಿ 43.5. ಎರಡೂ ಕಡೆ ಒಲವಿರುವ ಬೈಸೆಕ್ಷುಯಲ್ ಜನರಲ್ಲಿ ಇನ್ನೂ ಜಾಸ್ತಿ. ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ಕೂಡಿದ್ದರೆ ಈ ಕೊನೆಯ ಮಾತು ಮುಚ್ಚಿಹೋಗುತ್ತಿತ್ತು.

ಆದರೂ ಒಂದು ತೊಡಕಿದೆ. ಒಲವನ್ನು ಅಳೆಯುವುದು ಹೇಗೆ? ಮನಸ್ಸು ಯಾರ ಕಡೆ ಎಳೆಯುತ್ತದೆ, ಯಾರ ಜೊತೆ ಸಂಬಂಧ ಇದೆ, ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಾರೆ, ಈ ಮೂರೂ ಬೇರೆ ಬೇರೆ. ಗಂಡಸರ ಕಡೆ ಒಲವಿದ್ದೂ ಮದುವೆಯಾಗಿ ಸಂಸಾರ ಮಾಡುತ್ತಿರುವವನು ಯಾವ ಕಾಲಂಗೆ ಸೇರುತ್ತಾನೆ? ಸಮೀಕ್ಷೆ ಕೇಳುವುದು ಮೂರನೆಯದನ್ನು ಮಾತ್ರ. ಪ್ರಶ್ನೆ ಬರುವುದು ಅವನ ಮನೆಯಲ್ಲೇ. ಹೆಂಡತಿ ಪಕ್ಕದ ಕೋಣೆಯಲ್ಲಿದ್ದರೆ ಅವನೇನು ಹೇಳಿಯಾನು? ಹೆಚ್ಚು ಹೆದರಿದವರೇ ಲೆಕ್ಕದಿಂದ ತಪ್ಪಿಹೋಗುತ್ತಾರೆ ಅಂತ ನನಗನ್ನಿಸುತ್ತದೆ.

ನಮ್ಮ ದೇಶದ ಲೆಕ್ಕದ ದಾರಿಯೇ ಬೇರೆ. ‘ಪ್ರಕೃತಿಗೆ ವಿರುದ್ಧವಾದ’ ಸಂಭೋಗವನ್ನು ಅಪರಾಧ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಪ್ರಕರಣಗಳನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತ್ಯೇಕವಾಗಿ ಎಣಿಸಲು ಶುರು ಮಾಡಿದ್ದು 2014ರಲ್ಲಿ. ಇಬ್ಬರು ವಯಸ್ಕರು ಒಪ್ಪಿ ಕೂಡಿದ್ದು, ಮಗುವಿನ ಮೇಲೆ ನಡೆದ ದೌರ್ಜನ್ಯ, ಎರಡೂ ಅದೇ ಕಲಮಿಗೆ ಬರುತ್ತಿದ್ದವು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅಲ್ಲಿಯತನಕ ಆ ಪಟ್ಟಿಯಲ್ಲಿ ಸಲಿಂಗಪ್ರೇಮಿಗೆ ಇದ್ದ ಜಾಗ ಆರೋಪಿಯದು. ಅವನನ್ನೇ ಯಾರೋ ‘ಮನೆಯವರಿಗೆ ಹೇಳಿಬಿಡ್ತೀನಿ’ ಎಂದು ಹೆದರಿಸಿ ದುಡ್ಡು ಕಿತ್ತು, ಅವನು ಧೈರ್ಯ ಮಾಡಿ ದೂರು ಕೊಟ್ಟರೂ, ಪಟ್ಟಿಯಲ್ಲಿ ಅದು ಬರೀ ಸುಲಿಗೆ.