ಹಸಿರು ಬಣ್ಣದ ಕೆಳಗೊಂದು ಊರು

ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಬಗ್ಗೆ ಮಾತು ಬಂದರೆ ಸಾಕು, 'ಮನುಷ್ಯರು ಮುಟ್ಟದ ಕಾಡು' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಈ ಮಾತು ಕೇಳಿದರೆ ಆಗೋದಿಲ್ಲ. ಉತ್ತರ ಕ್ಯಾರೊಲಿನಾದ ಕಡೆ ಇರುವ ಹೇಜಲ್ ಕ್ರೀಕ್ ಕಣಿವೆಯ ಹಳೇ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ.

ನೆಲದ ಏರಿಳಿತ ತೋರಿಸುವ ಇಂಥ ಹಳೇ ಟೊಪೊಗ್ರಾಫಿಕ್ ನಕ್ಷೆಗಳಲ್ಲಿ ಒಂದೊಂದು ಪುಟ್ಟ ಕಪ್ಪು ಚೌಕವೂ ಒಂದೊಂದು ಕಟ್ಟಡ. ಚೌಕದ ಮೇಲೆ ಬಾವುಟ ಇದ್ದರೆ ಶಾಲೆ, ಶಿಲುಬೆ ಇದ್ದರೆ ಚರ್ಚು. ಎತ್ತರ ತೋರಿಸುವ ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಸಮತಟ್ಟು ನೆಲ. ಬೆಟ್ಟದ ಜನ ಮನೆ ಕಟ್ಟಿದ್ದು ಹೆಚ್ಚಾಗಿ ಹಳ್ಳದ ಪಕ್ಕ, ಗೆರೆಗಳು ಸ್ವಲ್ಪ ಬಿಡುವು ಕೊಟ್ಟಲ್ಲಿ. ಕಟ್ಟಕಡೆಯ ಚೌಕದಿಂದ ಬಾವುಟದವರೆಗೆ ಬೆರಳಿಟ್ಟು ಅಳೆಯಿರಿ. ಆ ಮನೆಯ ಮಕ್ಕಳು ಎಷ್ಟು ನಡೆಯುತ್ತಿದ್ದರು, ಎಷ್ಟು ಸಲ ಹಳ್ಳ ದಾಟುತ್ತಿದ್ದರು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಆ ಕಾಡು. ರಿಟ್ಟರ್ ಮರದ ಕಂಪನಿ ಕಣಿವೆಯೊಳಗೆ ರೈಲು ಹಾಕಿ, ಬೆಲೆಬಾಳುವ ಮರವನ್ನೆಲ್ಲ ಕಡಿದು, 1928ರ ಹೊತ್ತಿಗೆ ಗಂಟುಮೂಟೆ ಕಟ್ಟಿತ್ತು. ಇವತ್ತಿನ ನಕ್ಷೆಯಲ್ಲಿ ಹಳ್ಳದ ಜೊತೆ ನಿಧಾನಕ್ಕೆ ಏರುವ ಕಾಲುದಾರಿ ಇದೆಯಲ್ಲ, ಅದು ಹಳೇ ರೈಲಿನ ಹಾದಿ. ಬರೀ ಕಾಲು ಸವೆಸಿದ ದಾರಿ ಇಷ್ಟು ನಯವಾಗಿ ಏರುತ್ತದಾ?

ಎರಡನೇ ಮಹಾಯುದ್ಧದ ಕಾಲಕ್ಕೆ ಕರೆಂಟು ಬೇಕಾಯಿತು. 1944ರಲ್ಲಿ ಫಾಂಟಾನಾ ಅಣೆಕಟ್ಟು ಮುಗಿಯಿತು, ಹಳೇ ರಸ್ತೆ ನೀರಿನಡಿ ಹೋಯಿತು. ಮೇಲೆ ಉಳಿದ ಜಮೀನು ಉದ್ಯಾನಕ್ಕೆ ಸೇರಿತು, ಜನ ಊರು ಬಿಟ್ಟರು. ಯುದ್ಧ ಮುಗಿದ ಮೇಲೆ ಹೊಸ ರಸ್ತೆ ಮಾಡಿಕೊಡುತ್ತೇವೆ ಅಂದಿದ್ದರು. ಅದು ಒಂದು ಸುರಂಗದವರೆಗೆ ಬಂದು ನಿಂತಿತು. 2010ರಲ್ಲಿ ರಸ್ತೆಯ ಬದಲು ಅಲ್ಲಿನ ಕೌಂಟಿಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, 5.2 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು.

ಹಾಗಂತ ಹಳೇ ನಕ್ಷೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಜಮೀನಿನ ಒಡೆಯನಿಗೂ ಗೇಣಿದಾರನಿಗೂ ಅದು ಕೊಟ್ಟಿದ್ದು ಒಂದೇ ಕಪ್ಪು ಚೌಕ. 1838ರಲ್ಲಿ ಸೈನ್ಯ ಈ ಬೆಟ್ಟಸೀಮೆಯಿಂದ ಓಡಿಸಿದ ಮೂಲನಿವಾಸಿ ಚೆರೋಕಿ ಜನರ ಮನೆಗಳಂತೂ ಅದರಲ್ಲಿ ಇಲ್ಲವೇ ಇಲ್ಲ. ಆಮೇಲೆ ಬಂದವರ ಚೌಕಗಳೂ ಹೊಸ ನಕ್ಷೆಯಲ್ಲಿ ಕಾಡು ತೋರಿಸುವ ಹಸಿರಾಗಿ ಹೋದವು. ಬರೆಯೋರು ಬದಲಾದರೂ ಅಳಿಸೋ ಕೆಲಸ ನಿಲ್ಲಲಿಲ್ಲ.

ಆದರೆ ಸ್ಮಶಾನಗಳನ್ನು ಅಳಿಸಲು ಆಗಲಿಲ್ಲ. ಊರಿನವರ ಸಂತತಿಯನ್ನು ಉದ್ಯಾನದವರು ಇಂದಿಗೂ ದೋಣಿಯಲ್ಲಿ ಅಣೆಕಟ್ಟಿನ ಕೆರೆ ದಾಟಿಸಿ, ಸಮಾಧಿಗೆ ಹೂವಿಡಲು ಕರೆದೊಯ್ಯುತ್ತಾರೆ. ಯುಎಸ್‌ಜಿಎಸ್ ಅನ್ನೋ ಅಮೆರಿಕ ಸರ್ಕಾರದ ಭೂಸರ್ವೇಕ್ಷಣೆ ಸಂಸ್ಥೆ 1884ರಿಂದ ಈಚಿನ ನಕ್ಷೆಗಳನ್ನು ಪುಕ್ಕಟೆ ಕೊಡುತ್ತದೆ. ಒಂದೇ ಜಾಗದ ಹಳೆಯದು, ಹೊಸದು ಎರಡನ್ನೂ ಇಳಿಸಿಕೊಳ್ಳಿ. ಹೊಸದರಲ್ಲಿ ಮೊದಲು ಸ್ಮಶಾನ ಹುಡುಕಿ, ಆಮೇಲೆ ಹಳೆಯದರಲ್ಲಿ ಅದರ ಸುತ್ತ ಎಷ್ಟು ಚೌಕಗಳಿವೆ ನೋಡಿ.